ಮೂರು ಹೆಸರಿನ ಮಗ

ಮಂದಿಯ ಮನೆ ಬಾಗಿಲು ಬಡಿಯುವವರಿಗೆ ತಮಾಷೆಗೆ ಎಂದೂ ಬರಗಾಲವಿಲ್ಲ. ನಾನು ಬೆಳಗಾವಿಯ ಒಂದು ಸಂಶೋಧನಾ ಕೇಂದ್ರದವಳು. ಎಳೆಮಕ್ಕಳಿರುವ ಮನೆ ಹುಡುಕಿ, “ನಿಮ್ಮ ಕೂಸು ಹೇಗೆ ಬೆಳೆಯುತ್ತದೆ ಎಂದು ನಾಲ್ಕು ವರ್ಷ ಬಂದು ನೋಡುತ್ತೇವೆ, ಒಪ್ಪುತ್ತೀರಾ?” ಎಂದು ಕೇಳುವುದು ನನ್ನ ಕೆಲಸ. ಒಪ್ಪಿದರೆ ಸಹಿ, ಒಪ್ಪದಿದ್ದರೆ ಚಹಾ. ಕೆಲವು ಮನೆಗಳಲ್ಲಿ ಎರಡೂ ಇಲ್ಲ.

೧. ಪಾಠದಲ್ಲಿ ಇಲ್ಲದ ಪ್ರಶ್ನೆ

ಕೆಲಸಕ್ಕೆ ಸೇರಿದಾಗ ಒಂದು ವಾರ ತರಬೇತಿ ಕೊಟ್ಟರು. ಕೂಸಿನ ರಕ್ತ ತೆಗೆಯುತ್ತೀರಾ ಎಂದರೆ ಏನು ಹೇಳಬೇಕು, ಗಂಡಸರು ಸಿಟ್ಟಿಗೆದ್ದರೆ ಏನು ಮಾಡಬೇಕು, ನಾಯಿ ಬಂದರೆ ಎಲ್ಲಿ ನಿಲ್ಲಬೇಕು, ಎಲ್ಲ ಕಲಿಸಿದರು. ಕಾಕತಿಯ ಮೊದಲ ಮನೆಯಲ್ಲೇ ಅತ್ತೆಯಾದವಳು ಕೇಳಿದ ಪ್ರಶ್ನೆ ಮಾತ್ರ ಪಾಠದಲ್ಲಿ ಇರಲಿಲ್ಲ.

“ಅದೆಲ್ಲಾ ಇರ್ಲೆವ್ವಾ. ನಿನಗ ಮಕ್ಕಳೆಷ್ಟು?”

ನನಗೆ ಒಬ್ಬ ಮಗ ಹುಟ್ಟಿದ್ದ. ಒಂಬತ್ತು ದಿನ ಇದ್ದ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವುದು ನಮ್ಮ ಮನೆಯ ಪದ್ಧತಿ. ನನ್ನ ನಾದಿನಿ ಹೆಸರು ಆರಿಸಿಟ್ಟುಕೊಂಡು ಯಾರಿಗೂ ಹೇಳದೆ ಕಾದಿದ್ದಳು. ಮಗ ಕಾಯಲಿಲ್ಲ, ಹೆಸರಿಲ್ಲದೆ ಹೋದ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ನಮ್ಮ ಓಣಿಯವರು ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಅಂಥವಳ ಕೈಗೆ ಕಾಕತಿಯವರು ತಮ್ಮ ಕೂಸನ್ನು ಯಾಕೆ ಕೊಟ್ಟಾರು?

“ಒಬ್ಬ ಮಗ ಅದಾನ್ರೀ” ಎಂದೆ.

“ಎಷ್ಟ ವರ್ಷದಾಂವ?”

“ಎರಡ ವರ್ಷ ಎರಡ ತಿಂಗಳ.” ಇದ್ದಿದ್ದರೆ ಅವನಿಗೆ ಅಷ್ಟೇ ಆಗಿರುತ್ತಿತ್ತು. ಆ ಲೆಕ್ಕ ನನಗೆ ನಿದ್ದೆಯಲ್ಲೂ ತಪ್ಪುವುದಿಲ್ಲ.

“ಹೆಸರು?”

ಎದುರಿನ ಗೋಡೆಯ ಮೇಲೆ ಬಸವಣ್ಣನ ಪಟವಿತ್ತು. “ಬಸವರಾಜ” ಎಂದೆ.

ಅವಳು ಮೊಮ್ಮಗಳನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಸೊಸೆಯ ಕಡೆ ತಿರುಗಿ, “ಸಹಿ ಮಾಡ್ ನೀ. ಮಕ್ಕಳ ತಾಯಿ ಸುಳ್ಳ ಹೇಳೂದಿಲ್ಲ” ಎಂದಳು.

೨. ಬಹಳ ಹಿಡಿಸಿದ ಸಾಲು

ಬೆಳಗಾವಿಯ ಶಹಾಪುರದಲ್ಲಿ ಒಂದು ವ್ಯಾಪಾರಸ್ಥರ ಮನೆ. ಕೂಸಿನ ತಾಯಿಗೆ ಮನಸ್ಸಿತ್ತು. ಆದರೆ ಗಂಡನನ್ನು ಕೇಳಬೇಕು. ಗಂಡ ತನ್ನ ಅಣ್ಣನನ್ನು ಕೇಳಬೇಕು. ಅಣ್ಣ ಅಪ್ಪನನ್ನು. ಅಪ್ಪ ಮಧ್ಯಾಹ್ನ ಮಲಗಿದ್ದರು, ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕನೆಯ ಸಲ ಹೋದಾಗ ಎಲ್ಲರೂ ಎಚ್ಚರವಿದ್ದರು, ಸಭೆ ಸೇರಿತು. ಒಪ್ಪಿಗೆ ಪತ್ರವನ್ನು ನಾನು ಗಟ್ಟಿಯಾಗಿ ಓದಿದೆ. ಗಂಡಸರು ಫೋನು ನೋಡುತ್ತ ತಲೆಯಾಡಿಸಿದರು. ಕೂಸಿನ ತಾಯಿ ಮಾತ್ರ ಒಂದು ಕಡೆ ನಿಲ್ಲಿಸಿದಳು.

“ಆ ಸಾಲ ಇನ್ನೊಮ್ಮಿ ಓದ್ರಿ ಮೇಡಮ್ಮಾರ.”

ಓದಿದೆ: “ನೀವು ಯಾವಾಗ ಬೇಕಾದರೂ, ಯಾವ ಕಾರಣವನ್ನೂ ಹೇಳದೆ, ಇದರಿಂದ ಹೊರಬರಬಹುದು. ಅದಕ್ಕಾಗಿ ಯಾರೂ ನಿಮ್ಮನ್ನು ದೂರುವುದಿಲ್ಲ.”

ಅವಳು ಮೂರನೆಯ ಸಲವೂ ಓದಿಸಿದಳು. ಕೊನೆಗೆ ಪೆನ್ನು ಕೈಗೆ ತೆಗೆದುಕೊಂಡು, ಮಾವನಿಗೆ ಕೇಳಿಸದಂತೆ ನನಗೆ ಹೇಳಿದಳು: “ಇಷ್ಟ ಚೊಲೋ ಸಾಲ ಮದವಿ ಕಾಗದದಾಗ ಯಾಕ ಬರಿಯೂದಿಲ್ರೀ?”

೩. ಖಾನಾಪುರದ ಎರವಲು ಕೂಸು

ಖಾನಾಪುರದಲ್ಲಿ ಮರಾಠಿ ಮಾತಾಡುವ ಒಂದು ಮನೆ. ಇಲ್ಲಿಯೂ ಮಗ ಎಷ್ಟು ದೊಡ್ಡವನು, ಹೆಸರೇನು ಎಂದು ಕೇಳಿದರು. ಎರಡು ವರ್ಷ ಏಳು ತಿಂಗಳು, ಸಾಗರ ಎಂದೆ.

ಒಂದೇ ಹೆಸರು ಹೇಳಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದನ್ನೇ ಹೇಳಿದರೆ ಅದು ನಾನೇ ಇಟ್ಟ ಹೆಸರಾಗಿ ಗಟ್ಟಿಯಾಗುತ್ತದೆ. ಇಡಬೇಕಾದ ನಾದಿನಿ ಬಾಯಿ ಮುಚ್ಚಿಕೊಂಡು ಕೂತಿರುವಾಗ ನನಗೆ ಆ ಧೈರ್ಯ ಬರಲಿಲ್ಲ.

ತಾಯಿ ಒಂದು ಗುಂಡುಗುಂಡನೆಯ ಹುಡುಗನನ್ನು ತಂದು ಚಾಪೆಯ ಮೇಲೆ ಕೂರಿಸಿದಳು. ಅವನು ಮರದ ತುಂಡುಗಳನ್ನು ಪಟಪಟನೆ ಒಂದರ ಮೇಲೊಂದು ಇಟ್ಟ. ಬೆಕ್ಕಿನ ಚಿತ್ರ ತೋರಿಸಿದರೆ ಬೆಕ್ಕು ಎಂದ, ಆನೆ ತೋರಿಸಿದರೆ ಆನೆ ಎಂದ. ಇಂಥ ಕೂಸು ತಾಲೂಕಿನಲ್ಲೇ ಇಲ್ಲ ಎಂದು ನಾನು ಬರೆದುಕೊಳ್ಳುತ್ತಿರುವಾಗ ಬೀದಿಯಲ್ಲಿ ಒಬ್ಬಳು ಕೊಡ ಹೊತ್ತುಕೊಂಡು ಹೊರಟಿದ್ದಳು. ಹುಡುಗ “ಆಯಿ!” ಎಂದು ಮರಾಠಿಯಲ್ಲಿ ಅವ್ವನನ್ನು ಕೂಗಿ ಅವಳ ಹಿಂದೆ ಓಡಿಯೇಬಿಟ್ಟ.

ನಾನು ಮನೆಯವಳ ಮುಖ ನೋಡಿದೆ. “ಊರಾಗ ಎಲ್ಲಾರ್ನೂ ಆಯಿ ಅಂತಾನ್ರೀ. ಭಾಳ ಮರ್ಯಾದಿ ಹುಡುಗ” ಎಂದಳು. ಹೇಳುತ್ತಿದ್ದಂತೆಯೇ ಅತ್ತಳು. ಅವಳ ಮಗಳು ಒಳಕೋಣೆಯಲ್ಲಿದ್ದಳು. ಎರಡು ವರ್ಷ ತುಂಬುತ್ತ ಬಂದಿದ್ದರೂ ಒಂದು ಮಾತೂ ಬಂದಿರಲಿಲ್ಲ.

“ನೀವು ಫೇಲ್ ಅಂತ ಬರೀತೀರಿ ಅಂತ ಬಾಜೂ ಮನಿ ಹುಡುಗನ್ನ ತಂದೆನ್ರೀ.”

ಇದರಲ್ಲಿ ಪಾಸು ಫೇಲು ಇಲ್ಲ ಎಂದೆ. ಕಿವಿ ತಪಾಸಣೆಗೆ ಮಗಳನ್ನು ಕೇಂದ್ರಕ್ಕೆ ಕರೆತರಲು ದಿನ ಗೊತ್ತುಮಾಡಿದೆ. ಆದರೂ ಅವಳ ಅಳು ನಿಲ್ಲಲಿಲ್ಲ. ಕೊನೆಗೆ, “ನಮ್ಮ ಸಾಗರನೂ ತಡಾ ಮಾಡೇ ಮಾತಾಡಿದಾನ್ರೀ” ಎಂದುಬಿಟ್ಟೆ.

“ಮೊದಲ್ನೇದ್ದು ಏನಂದಾ?”

“ಅವ್ವಾ ಅಂದ.”

ಅದುವರೆಗೆ ನಾನು ಅವನಿಗೆ ವಯಸ್ಸು ಕೊಟ್ಟಿದ್ದೆ, ದನಿ ಕೊಟ್ಟಿರಲಿಲ್ಲ. ಆ ಮಾತನ್ನು ಮೊದಲ ಸಲ ನನ್ನ ಬಾಯಿಂದಲೇ ಕೇಳಿದೆ. ಅವಳು ಕಣ್ಣು ಒರೆಸಿಕೊಂಡು ಬಾಗಿಲವರೆಗೆ ಕಳಿಸಲು ಬಂದಳು.

“ಮುಂದಿನ ಸಲಾ ನಾ ನನ್ನ ಮಗಳನ್ನ ತೋರಸ್ತೇನ್ರೀ. ನೀವೂ ನಿಮ್ಮ ಸಾಗರನ್ನ ಕರಕೊಂಡ ಬರ್ರಿ. ಮತ್ತ ಬಾಜೂ ಮನಿಯಾಂವನ್ನ ತಂದೀರಿ!”

೪. ತೂಕದ ದಿನ

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳು ಮೂರು ಊರಿನಿಂದ ಬಸ್ಸು ಹಿಡಿದು ಒಂದೇ ದಿನ ಕೇಂದ್ರಕ್ಕೆ ಬಂತು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಮಕ್ಕಳ ತೂಕ, ಎತ್ತರ ನೋಡುವ ದಿನ ಅದು. ಕಾಕತಿಯ ಸೊಸೆ, ಖಾನಾಪುರದ ತಾಯಿ, ಮೊದಲ ವರ್ಷವೇ ಸಹಿ ಮಾಡಿದ್ದ ಹಲಸಿಯ ಒಬ್ಬ ಸೊಸೆ ಒಂದೇ ಬೆಂಚಿನ ಮೇಲೆ ಕುಳಿತಿದ್ದರು.

ಕಾಕತಿಯವಳು ಚೀಲದಿಂದ ಶೇಂಗಾ ಉಂಡಿ ತೆಗೆದಳು. “ಅಕ್ಕಾರ, ಇದು ಬಸವರಾಜಗ.”

“ಬಸವರಾಜ ಯಾರ್ರೀ? ಇವರ ಮಗಾ ಸಾಗರ ಅಲ್ಲೇನು?” ಎಂದಳು ಖಾನಾಪುರದವಳು.

ಹಲಸಿಯವಳು ಇಬ್ಬರನ್ನೂ ನೋಡಿ, “ನಮಗ ಸಮರ್ಥ ಅಂತ ಹೇಳ್ಯಾರ” ಎಂದಳು.

ನಂಬಿಕೆ ಹೋದರೆ ಮನೆಗಳು ಹೋಗುತ್ತವೆ, ಮನೆಗಳು ಹೋದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಮಗ ಬದುಕಿದ್ದದ್ದು ಇವರ ಪಡಸಾಲೆಗಳಲ್ಲಿ ಮಾತ್ರ. ಇವರಿಗೆ ಗೊತ್ತಾದರೆ ಅವನು ಎರಡನೆಯ ಸಲ ಹೋಗುತ್ತಾನೆ.

“ಮನ್ಯಾಗ ಒಂದ, ಸಾಲ್ಯಾಗ ಒಂದ, ಅಜ್ಜಿ ಇಟ್ಟಿದ್ದೊಂದ” ಎಂದು ತೊದಲಿದೆ.

ಖಾನಾಪುರದವಳು ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. “ಹಂಗಾರ ಚಿಂತಿ ಬಿಡ್ರಿ. ಮೂರ ಹೆಸರಿದ್ದಾಂವ ಮುಂದ ಪುಢಾರಿ ಆಗ್ತಾನ!”

ಇಬ್ಬರು ನಕ್ಕರು. ಹಲಸಿಯವಳು ನಗಲಿಲ್ಲ.

೫. ಹಲಸಿಯಲ್ಲಿ

ಮುಂದಿನ ತಿಂಗಳು ಹಲಸಿಗೆ ಹೋಗುವಾಗ ಬಸ್ಸಿನಲ್ಲಿ ಉದ್ದಕ್ಕೂ ಎರಡು ಮೂರು ಸುಳ್ಳು ಕಟ್ಟಿಕೊಂಡೆ. ಒಂದೂ ಬೇಕಾಗಲಿಲ್ಲ. ಸೊಸೆ ರೊಟ್ಟಿ ಬಡಿಯುತ್ತಿದ್ದಳು, ಮಲ್ಲು ಎಂಬ ಅವಳ ನಾಲ್ಕು ವರ್ಷದ ಮಗ ಅಂಗಳದಲ್ಲಿ ಕೋಳಿ ಓಡಿಸುತ್ತಿದ್ದ. ಕಟ್ಟೆಯ ಮೇಲೆ ಅವಳ ಅತ್ತೆ, ಎಪ್ಪತ್ತು ದಾಟಿದ ಅಜ್ಜಿ, ನೆರೆಯ ಇಬ್ಬರು ಹೆಂಗಸರ ಜತೆ ಕುಳಿತಿದ್ದಳು.

“ಕುಂದರವ್ವಾ” ಎಂದಳು ಅಜ್ಜಿ. “ನಿನ್ನ ಮಗಗ ಈಗ ಎಷ್ಟ?”

“ಐದ ವರ್ಷ ನಾಕ ತಿಂಗಳ.” ಬಾಯಿ ತಾನೇ ಹೇಳಿತು.

“ಹೂಂ. ನಮ್ಮ ಸೊಸಿ ಆ ಬೆಂಚಿನ ಮ್ಯಾಲೆ ಎಲ್ಲಾ ಕೇಳಿಕೊಂಡ ಬಂದಾಳ. ಹೆಸರ ಒಂದೊಂದ ಊರಾಗ ಒಂದೊಂದ ಹೇಳೀದಿ. ವಯಸ್ಸ ಮಾತ್ರ ಎಲ್ಲಾರ ಮುಂದೂ ತಿಂಗಳಾ ಸೈತ ತಪ್ಪಲಾರದಂಗ ಹೇಳೀದಿ.” ನನ್ನ ಕೈ ಹಿಡಿದಳು. “ತೊಟ್ಟಲಕ್ಕ ಹಾಕೂದ್ರೊಳಗ ಹೋತೇನ ನನ್ನವ್ವಾ, ಕೂಸು?”

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಒಂಬತ್ತು ದಿನ ಇದ್ದ, ನಾದಿನಿ ಆರಿಸಿದ ಹೆಸರು ಅವಳ ಬಾಯಲ್ಲೇ ಉಳಿಯಿತು ಎಂದೆ. ಆಮೇಲೆ ಮಂದಿಯ ಕಟ್ಟೆಯ ಮೇಲೆ ಕುಳಿತು ಬಾಯಿ ಬಿಟ್ಟು ಅತ್ತೆ. ಅಳು ತಡೆದ ಮೇಲೆ ಚೀಲದಿಂದ ಅವರ ಒಪ್ಪಿಗೆ ಪತ್ರ ತೆಗೆದು, “ಸುಳ್ಳ ಹೇಳಿ ಸಹಿ ಮಾಡಿಸೇನ್ರೀ. ಬ್ಯಾಡ ಅಂದ್ರ ಹರದ ಬಿಡ್ತೇನಿ” ಎಂದೆ.

“ಅದನ್ನ ಒಳಗಿಡು” ಎಂದು ಅಜ್ಜಿ ಗದರಿಸಿದಳು. “ಮೂರ ವರ್ಷ ನಮ್ಮ ಹುಡುಗನ್ನ ನಿನ್ನ ತೊಡಿ ಮ್ಯಾಲೆ ಕುಂದರಿಸೀವಿ. ಏನ ಸವದಾನ ಅವಾ? ನಿನ್ನ ನಾದ್ನಿ ಹೆಸರ ಹೇಳಲಿಲ್ಲಾ? ಬಿಡು, ಇಲ್ಲಿ ನಾವ ಸೋದರತ್ತಿ. ಒಂದ ಹೆಸರ ಪಕ್ಕಾ ಮಾಡೂಣು.”

ಮಾಡಿದರು! ನೆರೆಯವಳೊಬ್ಬಳು ಬಸವರಾಜನೇ ಇರಲಿ ಎಂದಳು. ಇನ್ನೊಬ್ಬಳು ಅದು ಮುದುಕರ ಹೆಸರು ಎಂದಳು. ಮೊದಲನೆಯವಳ ಗಂಡನ ಹೆಸರು ಬಸವರಾಜ, ಅವಳು ಮುಖ ಊದಿಸಿದಳು. ಸಮರ್ಥ ಎಂದರೆ ಬಡಕಲು ಹುಡುಗನಿಗೆ ಒಪ್ಪುವುದಿಲ್ಲವಂತೆ. ನನ್ನ ಮಗ ಬಡಕಲು ಎಂದು ಇವರಿಗೆ ಯಾರು ಹೇಳಿದರೋ! ಜಗಳ ಮುಗಿಯುವ ಹಾಗೆ ಕಾಣದೆ ಅಜ್ಜಿ ಕೈ ಎತ್ತಿದಳು.

“ಎಲ್ಲಾ ಬಿಡ್ರಿ. ನಮ್ಮ ಹುಡುಗನ ಹೆಸರ ಇಡೂಣು. ಮಲ್ಲು. ಚೊಲೋ ಹೆಸರೈತಿ.”

ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲ.

“ಬ್ಯಾಡ್ರೀ ಅತ್ತಿ, ಅದೊಂದ ಬ್ಯಾಡ. ಊಟಕ್ಕ ಮಲ್ಲೂ ಅಂತ ಕರದ್ರ ಇಬ್ರೂ ಓಡಿ ಬರ್ತಾರ!”