ಐವತ್ತನೇ ಮುಳುಗು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ನಲವತ್ತೊಂಬತ್ತು ಎಂಬ ಸಂಖ್ಯೆ. ಕೆರಿಬಿಯನ್ ಸಮುದ್ರದ ನಮ್ಮ ಕ್ಯಾರಿಯಾಕೂ ದ್ವೀಪಕ್ಕೆ ಕೆನಡಾದಿಂದ ರಜೆ ಕಳೆಯಲು ಬಂದಿದ್ದ ರಸೆಲ್ ಪೆಂಡರ್, ಅದುವರೆಗೆ ನಲವತ್ತೊಂಬತ್ತು ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿದು ಬಂದಿದ್ದ. ಒಂದೊಂದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದ: ತಾರೀಖು, ಆಳ, ಎಷ್ಟು ನಿಮಿಷ, ಯಾವ ಮೀನು. ಐವತ್ತನೆಯದೊಂದು ಮುಗಿದರೆ ಪುಸ್ತಕ ಮುಚ್ಚಿ ಕಪಾಟಿಗೆ ಸೇರಿಸಬಹುದಿತ್ತು. ನಲವತ್ತೊಂಬತ್ತಕ್ಕೇ ನಿಲ್ಲಿಸುವುದೆಂದರೆ ಮಜ್ಜಿಗೆ ಅನ್ನಕ್ಕೆ ಮುಂಚೆಯೇ ಪಂಕ್ತಿಯಿಂದ ಎದ್ದು ಹೋದ ಹಾಗೆ.

ಆದರೆ ಮಾರ್ಚ್ ತಿಂಗಳಲ್ಲಿ ಹೃದಯದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ನಿಮ್ಮ ಹೃದಯ ಅರ್ಧ ಕೆಲಸ ಮಾತ್ರ ಮಾಡುತ್ತಿದೆ, ಮೆಟ್ಟಿಲು ಹತ್ತುವಾಗಲೂ ಹುಷಾರು, ಇನ್ನು ಸಮುದ್ರದ ಮಾತೇ ಎತ್ತಬೇಡಿ. ಇದನ್ನು ರಸೆಲ್ ಹೆಂಡತಿ ಮಾರ್ಲೀನ್‌ಗೆ ಹೇಳಿರಲಿಲ್ಲ. ಹೇಳಿದರೆ ಅವಳು ರಜೆ ರದ್ದು ಮಾಡಿ, ತನ್ನನ್ನು ಕುರ್ಚಿಗೆ ಅಂಟಿಸಿ, ಎದುರಿಗೆ ಕೂತು ಉಸಿರು ಎಣಿಸುತ್ತಾಳೆ ಎಂದು ಹೆದರಿದ್ದ. ಎಂಟು ತಿಂಗಳು ಗುಟ್ಟು ಕಾಪಾಡಿಕೊಂಡೇ ವಿಮಾನ ಹತ್ತಿ ಬಂದಿದ್ದ.

ಹಾಗಂತ ಹುಂಬನಲ್ಲ. ಮೂವತ್ತೊಂದು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವನು. ಉಕ್ಕಿನ ಹಗ್ಗ ಒಂದೆಳೆ ಸವೆದಿದ್ದರೂ ಅವನು ರುಜು ಹಾಕುತ್ತಿರಲಿಲ್ಲ. ಕಟ್ಟಡದ ಮಾಲೀಕರು ಕೈಮುಗಿದರೂ ಇಲ್ಲ, ಬೈದರೂ ಇಲ್ಲ. ಈಗಲೂ ಅವನ ತರ್ಕ ಸರಿಯಾಗಿಯೇ ಇತ್ತು. ಹೃದಯ ಕೆಟ್ಟಿದೆ, ಒಪ್ಪಿದೆ. ಆದ್ದರಿಂದ ಉಳಿದದ್ದೆಲ್ಲ ಗಟ್ಟಿಯಾಗಿರಬೇಕು. ದ್ವೀಪದಲ್ಲೇ ಅತಿ ಎಚ್ಚರಿಕೆಯ ಡೈವಿಂಗ್ ಅಂಗಡಿ ಯಾವುದೆಂದು ಹುಡುಕಿ, ಆಳವಿಲ್ಲದ ಕಡೆ ಇಪ್ಪತ್ತು ನಿಮಿಷ ಇಳಿದು ಬಂದುಬಿಡುವುದು.

ಬೆಳಿಗ್ಗೆ ಅವರು ಇಳಿದುಕೊಂಡಿದ್ದ ಮನೆಯ ಜಗುಲಿಯಲ್ಲಿ ಉಪ್ಪುಮೀನು, ಕರಿದ ರೊಟ್ಟಿ ಬಡಿಸುತ್ತಾ ಮನೆಯೊಡತಿ ಮಿಸ್ ಕ್ಲಿಯೋಫಾ ಹುಡುಕುವ ತೊಂದರೆಯನ್ನೇ ತಪ್ಪಿಸಲು ನೋಡಿದಳು. ತನ್ನ ತಂಗಿಯ ಮಗ ಡೆಕ್ಸ್‌ಟರ್ ಡೈವಿಂಗ್ ಅಂಗಡಿ ಇಟ್ಟಿರುವಾಗ ಬೇರೆಯವರ ಬಾಗಿಲು ಯಾಕೆ ತಟ್ಟಬೇಕು ಎಂದು ಅವಳ ಪ್ರಶ್ನೆ. ಮಾರ್ಲೀನ್ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ, ಟೋಪಿ ಹಾಕಿಕೊಂಡು ಹೋಗು ಎಂದಳು.

ಡೆಕ್ಸ್‌ಟರ್ ಒಳ್ಳೆಯ ಹುಡುಗ, ನಮ್ಮೂರಲ್ಲಿ ಯಾರೂ ಅವನ ಮೇಲೆ ದೂರು ಹೇಳುವುದಿಲ್ಲ. ರಸೆಲ್‌ಗೆ ಎಳನೀರು ಕೊಟ್ಟ, ಕೂರಿಸಿದ. ರಸೆಲ್ ನಾಲ್ಕೂ ಕಡೆ ಕಣ್ಣಾಡಿಸಿ, ಅಪಘಾತವಾದರೆ ಕೊಡುವ ಆಕ್ಸಿಜನ್ ಎಲ್ಲಿದೆ ಎಂದು ಕೇಳಿದ. ಅದು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದ ಸಿಲಿಂಡರ್. ಮುಳ್ಳು ಸೊನ್ನೆಯ ಮೇಲಿತ್ತು. ನಾಲ್ಕು ವರ್ಷದಿಂದ ಅದನ್ನು ಯಾರೂ ಕೇಳಿಲ್ಲ ಎಂದು ಡೆಕ್ಸ್‌ಟರ್ ಹೆಮ್ಮೆಯಿಂದ ಹೇಳಿದ. ತುಂಬಬೇಕಾದ ಫಾರಂ ಏನಾದರೂ ಉಂಟೇ ಎಂದರೆ, "ಫಾರಂ ಯಾಕೆ ಸಾರ್, ನಿಮ್ ಮುಖ ನೋಡಿದ್ರೆ ಸಾಲ್ದಾ?" ಅಂದ. ರಸೆಲ್ ಎಳನೀರು ಅರ್ಧಕ್ಕೇ ಬಿಟ್ಟು ಎದ್ದ.

ದೊಡ್ಡ ಹೋಟೆಲಿನವರ ದೋಣಿಯಲ್ಲಿ ಎಲ್ಲವೂ ಹೊಸದು, ಎಲ್ಲವೂ ಫಳಫಳ. ಮೂವತ್ತು ಜನ ಒಟ್ಟಿಗೆ ನೀರಿಗೆ ಬೀಳುತ್ತಾರೆ. ವಾಪಸು ಬರುವಾಗ ತಲೆ ಎಣಿಸುತ್ತೀರಾ ಎಂದು ರಸೆಲ್ ಕೇಳಿದ. ಅಲ್ಲಿನ ಮ್ಯಾನೇಜರ್ ಸಂಜೆ ಟವೆಲ್ ಎಣಿಸುವುದಾಗಿ ಹೇಳಿದ. ಟವೆಲ್ ಲೆಕ್ಕ ಒಂದು ದಿನವೂ ತಪ್ಪಿಲ್ಲವಂತೆ. ಆರೋಗ್ಯದ ಫಾರಂ ಅಲ್ಲಿತ್ತು, ಆದರೆ ಅತಿಥಿಗಳಿಗೆ ತ್ರಾಸವಾಗಬಾರದೆಂದು ಎಲ್ಲ ಕಾಯಿಲೆಗಳ ಮುಂದೆಯೂ 'ಇಲ್ಲ' ಎಂದು ಮೊದಲೇ ಅಚ್ಚು ಹಾಕಿಸಿದ್ದರು. ರುಜು ಒಂದು ಹಾಕಿದರೆ ಆಯಿತು. ರಸೆಲ್ ಹಾವು ಕಂಡವನಂತೆ ಹಿಂದೆ ಸರಿದ.

ದಾರಿಯಲ್ಲಿ ರಮ್ಮಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ಅವನನ್ನು ಕರೆದು ಬುದ್ಧಿ ಹೇಳಿದರು. ನಮ್ಮವರಿಗೆ ಆ ಕೆಲಸ ಹೇಳಿಕೊಡಬೇಕಾಗಿಲ್ಲ. ಎಲ್ಲಿಗಾದರೂ ಹೋಗು, ವರ್ನಾ ಕ್ವಾಷಿಯ ಹತ್ತಿರ ಮಾತ್ರ ಹೋಗಬೇಡ ಎಂದು ಎಲ್ಲರದೂ ಒಂದೇ ಮಾತು. ಆ ಹೆಂಗಸು ರಾತ್ರಿ ಎಷ್ಟು ಕುಡಿದೆ ಎಂದು ಕೇಳುತ್ತಾಳೆ, ನೀರಿಗಿಳಿಯುವ ಮುಂಚೆ ಈಜಿ ತೋರಿಸು ಅನ್ನುತ್ತಾಳೆ, ಗಾಳಿ ಜೋರಾದರೆ ಬಂದವರನ್ನೆಲ್ಲ ವಾಪಸು ಕಳಿಸುತ್ತಾಳೆ. ಅದು ಅಂಗಡಿಯಲ್ಲ, ಪೊಲೀಸ್ ಠಾಣೆ. ರಸೆಲ್ ದಾರಿ ಕೇಳಿಕೊಂಡು ನೆಟ್ಟಗೆ ಅಲ್ಲಿಗೇ ಹೋದ.

ತಗಡಿನ ಒಂದು ಕೋಣೆ, ಒಂದೇ ದೋಣಿ, ಸಲಕ್ಕೆ ಆರೇ ಜನ. ಆಕ್ಸಿಜನ್ ಸಿಲಿಂಡರ್ ತುಂಬಿತ್ತು, ಯಾವತ್ತು ತುಂಬಿಸಿದ್ದೆಂಬ ಚೀಟಿಯೂ ನೇತಾಡುತ್ತಿತ್ತು. ಆಗಷ್ಟೇ ದಡಕ್ಕೆ ಬಂದಿದ್ದ ಐದು ಜನರನ್ನು ಐವತ್ತು ದಾಟಿದ ಗಟ್ಟಿ ಹೆಂಗಸೊಬ್ಬಳು ಭುಜ ಮುಟ್ಟಿ ಮುಟ್ಟಿ ಎರಡು ಸಲ ಎಣಿಸಿದಳು. ಅವಳೇ ವರ್ನಾ. ರಸೆಲ್‌ನ ಡೈವಿಂಗ್ ಕಲಿತ ಕಾರ್ಡು ಕೇಳಿದಳು, ಕಡೆಯ ಸಲ ಇಳಿದದ್ದು ಯಾವಾಗ ಎಂದು ಕೇಳಿದಳು, ಬೆಳಿಗ್ಗೆ ಏನು ತಿಂದಿರಿ ಎಂದೂ ಕೇಳಿದಳು. ಅವಳು ಕೇಳಿದಷ್ಟೂ ರಸೆಲ್ ಅರಳಿದ. ಮದುವೆಯ ದಿನವೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲೆ ಅವಳು ಫಾರಂ ಮುಂದಿಟ್ಟಳು. ಕಿವಿ, ಮೂಗು, ಶ್ವಾಸಕೋಶ, ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕುತ್ತಾ ಬಂದ ರಸೆಲ್‌ನ ಪೆನ್ನು ಹೃದಯದ ಹತ್ತಿರ ನಿಂತಿತು. ಇನ್ನೊಂದು 'ಇಲ್ಲ' ಬಿದ್ದರೆ ಕೆಲಸ ಮುಗಿಯಿತು. ಅವನ ಜಾಗದಲ್ಲಿ ನಾನಿದ್ದರೆ ಹಾಕುತ್ತಿದ್ದೆ, ನೀವೂ ಹಾಕುತ್ತಿದ್ದಿರಿ. ಆದರೆ ಕೆಳಗೆ ರುಜು ಹಾಕುವ ಗೆರೆ ಇತ್ತಲ್ಲ. ಕೈ ತನ್ನಷ್ಟಕ್ಕೆ ತಾನೇ 'ಹೌದು' ಎಂದು ಗುರುತು ಹಾಕಿ ರುಜು ಮಾಡಿಬಿಟ್ಟಿತು.

ವರ್ನಾ ಓದಿ, ಪೆನ್ನಿನ ಮುಚ್ಚಳ ಹಾಕಿದಳು. "ಆಗಲ್ಲ ಸಾರ್."

"ಹದಿನೈದು ಅಡಿ ಸಾಕಮ್ಮಾ ನಂಗೆ."

"ಹದಿನೈದು ಅಡೀಲೂ ಸಾಯ್ತಾರೆ."

"ಇಡೀ ದ್ವೀಪದಲ್ಲಿ ನಿಮ್ಮಷ್ಟು ಎಚ್ಚರಿಕೆ ಯಾರಿಗೂ ಇಲ್ಲ, ಅದಕ್ಕೇ ನಿಮ್ಮನ್ನ ಹುಡುಕ್ಕೊಂಡ್ ಬಂದೆ."

"ಅದಕ್ಕೇ ಆಗಲ್ಲ ಅಂತಿರೋದು." ವರ್ನಾ ಸಮುದ್ರದ ಕಡೆ ನೋಡಿದಳು. "ಒಂಬತ್ ವರ್ಷದ ಹಿಂದೆ ಒಬ್ರು ಬಂದಿದ್ರು, ನಿಮ್ಮದೇ ವಯಸ್ಸು. ಎಲ್ಲಕ್ಕೂ ಇಲ್ಲ ಅಂತ ಬರ್ಕೊಟ್ರು. ಅವರನ್ನ ವಾಪಸ್ ತಂದಿದ್ದು ದೋಣಿ ಹಲಗೆ ಮೇಲೆ ಮಲಗಿಸ್ಕೊಂಡು. ಬಿಸಿಲಿತ್ತು, ಮುಖಕ್ಕೆ ನನ್ ಅಂಗಿ ಮುಚ್ಚಿದ್ದೆ. ದಡದಲ್ಲಿ ಅವರ ಹೆಂಡ್ತಿ ಫೋಟೋ ತೆಗೆಯೋಕೆ ಅಂತ ನಿಂತಿದ್ರು. ಇನ್ನೊಂದ್ ಸಲ ಅದು ನನ್ ಕೈಲಿ ಆಗಲ್ಲ."

ರಸೆಲ್ ಹೊರಗೆ ಬಂದ. ಇಷ್ಟು ವರ್ಷ ನೆಟ್ಟಗಿದ್ದು ಸಿಕ್ಕಿದ್ದೇನು ಎಂದುಕೊಂಡು, ಬದುಕಿನಲ್ಲಿ ಮೊದಲ ಸಲ ತಪ್ಪು ಮಾಡಲು ತೀರ್ಮಾನಿಸಿ ಡೆಕ್ಸ್‌ಟರ್‌ನ ಅಂಗಡಿಗೆ ನಡೆದ.

ಡೆಕ್ಸ್‌ಟರ್ ಬಾಗಿಲಲ್ಲೇ ನಿಂತಿದ್ದ, ಮುಖ ಸಪ್ಪಗಿತ್ತು. ವರ್ನಾ ಆಗಲೇ ರೇಡಿಯೋದಲ್ಲಿ ಹೇಳಿಯಾಗಿತ್ತು: ಬಿಳಿ ಟೋಪಿ, ಕೆನಡಾದವರು, ಹೃದಯದ ಕಾಯಿಲೆ, ಯಾರೂ ನೀರಿಗಿಳಿಸಬೇಡಿ. ದೋಣಿಯವರು ಮಾತಾಡುವ ಆ ರೇಡಿಯೋ ನಮ್ಮಲ್ಲಿ ಅಂಗಡಿ, ವ್ಯಾನು, ಅಡುಗೆಮನೆ ಎಲ್ಲೆಲ್ಲೂ ಬೆಳಗಿನಿಂದ ಹಾಡುತ್ತಿರುತ್ತದೆ. ಡೆಕ್ಸ್‌ಟರ್ ಗಾಬರಿಯಿಂದ ಅವನಿಗೆ ಆಕ್ಸಿಜನ್ ಕೊಡಲೆಂದು ಬಾಗಿಲ ಸಿಲಿಂಡರ್ ಎಳೆದು ತಂದ, ಅದು ಖಾಲಿ ಎಂಬುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡು ಇಬ್ಬರೂ ಹೊರಗುಳಿದರು.

ಮುಂದಿನದು ಮೆರವಣಿಗೆ. ರಮ್ಮಿನ ಅಂಗಡಿಯವರು ಬೆಂಚು ಖಾಲಿ ಮಾಡಿ ಅವನನ್ನು ಮಲಗಿಸಲು ನೋಡಿದರು. ಒಬ್ಬಳು ಜಾಯಿಕಾಯಿ ತೇದು ಕುಡಿಸಿದಳು. ಇನ್ನೊಬ್ಬಳು ನಾಡಿ ಹಿಡಿದು, ತಲೆಯಾಡಿಸಿ, ಜೋರಾಗಿ ಪ್ರಾರ್ಥನೆ ಶುರು ಮಾಡಿದಳು. ಹೆಣದ ಪೆಟ್ಟಿಗೆ ಮಾಡುವ ಬಡಗಿಯೂ ಅಲ್ಲಿದ್ದ. ಪಾಪ, ಅವನು ಬರೀ ನೋಡಿದ ಅಷ್ಟೇ. ಕೊನೆಗೆ ಒಬ್ಬ ವ್ಯಾನಿನವನು ಪುಕ್ಕಟೆ ಹತ್ತಿಸಿಕೊಂಡ. ಆಡುಗಳು ಕೂಡ ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ಗಾಡಿ ಓಡಿಸಿದ.

ಆಗ ರಸೆಲ್‌ಗೆ ಹೊಳೆಯಿತು. ಮಿಸ್ ಕ್ಲಿಯೋಫಾಳ ಅಡುಗೆಮನೆಯಲ್ಲೂ ರೇಡಿಯೋ ಇದೆ. ಮಾರ್ಲೀನ್ ಅಲ್ಲೇ ಜಗುಲಿಯಲ್ಲಿ ಕೂತಿದ್ದಾಳೆ. ಬೇಗ ಹೋಗಪ್ಪಾ ಎಂದು ಅಂಗಲಾಚಿದ. ನಿಮ್ಮ ಹೃದಯ ಇಟ್ಟುಕೊಂಡು ಬೇಗ ಹೋಗೋದಾ ಎಂದು ವ್ಯಾನಿನವನು ಇನ್ನೂ ನಿಧಾನ ಮಾಡಿದ.

ಮಾರ್ಲೀನ್ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಅವನನ್ನು ಕಂಡು ಮಿಸ್ ಕ್ಲಿಯೋಫಾ ಒಳಗೆ ಸರಿದಳು.

"ಕೇಳಿಸ್ತಾ?" ಎಂದ ರಸೆಲ್.

"ಕೇಳಿಸ್ತು. ಮಾರ್ಚಲ್ಲೇ ಗೊತ್ತಿತ್ತು ನಂಗೆ. ಮುಂದಿನ ಪರೀಕ್ಷೆಗೆ ಯಾವಾಗ ಬರ್ತಾರೆ ಅಂತ ಡಾಕ್ಟರ್ ಕಡೆಯಿಂದ ಮನೆಗೆ ಫೋನ್ ಬಂದಿತ್ತು. ನೀನು ಹೊರಗೆ ಹೋಗಿದ್ದೆ."

ರಸೆಲ್ ಟೋಪಿ ತೆಗೆದು ಕೂತ. "ಮತ್ತೆ ನನ್ನ ಯಾಕೆ ತಡೀಲಿಲ್ಲ?"

"ನೀನು ಹುಡುಕಿದ್ರೆ ಅತಿ ಎಚ್ಚರಿಕೆಯವರನ್ನೇ ಹುಡುಕ್ತೀಯ. ಅಂಥವರು ನಿನ್ನ ಇಳಿಸಲ್ಲ. ಅದೊಂದ್ ಧೈರ್ಯ ಇತ್ತು."

ಹಾಗಾದರೆ ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ. ರಸೆಲ್‌ಗೆ ಹಗುರವೆನಿಸಿ ಅವಳ ಕೈ ಹಿಡಿಯಲು ಹೋದ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಆ ಹೆಂಗಸಿನ ಪರಿಚಯ ಆಗಿ ಎಷ್ಟೊತ್ತಾಗಿತ್ತು?"

"ಅರ್ಧ ಗಂಟೆ."

"ಅರ್ಧ ಗಂಟೆ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ನಿನ್ನ ಪಕ್ಕದಲ್ಲಿ ಎದ್ದು ಹೇಗಿದೀಯ ಅಂತ ಕೇಳಿದೀನಿ. ಒಂದಿನಾನೂ ಬಾಯಿ ಬಿಡಲಿಲ್ಲ. ಅವಳಿಗೆ ಅರ್ಧ ಗಂಟೇಲಿ ಹೇಳ್ದೆ."

ರಸೆಲ್ ಹತ್ತಿರ ಉತ್ತರ ಒಂದೇ ಇತ್ತು, ಅದೂ ನಿಜವಾದದ್ದೇ. "ಅವಳು ಫಾರಂ ಕೊಟ್ಟಳು, ಮಾರ್ಲೀನ್. ರುಜು ಹಾಕ್ಬೇಕಿತ್ತು."

ಮಾರ್ಲೀನ್ ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಒಳಗೆ ಹೋಗಿ ಮಿಸ್ ಕ್ಲಿಯೋಫಾಳ ಹತ್ತಿರ ಒಂದು ಹಾಳೆ, ಒಂದು ಪೆನ್ನು ಇಸಕೊಂಡು ಬಂದಳು. ಎದುರಿಗೆ ಕೂತು, ರಾತ್ರಿ ಎದೆ ನೋಯುತ್ತಾ ಎಂದು ಬರೆದು, ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕ ಹಾಕಿ ಅವನ ಮುಂದೆ ತಳ್ಳಿದಳು. ರಸೆಲ್ ಹೌದು ಎಂದು ಗುರುತು ಹಾಕಿದ. ಅವಳು ಹಾಳೆ ಎಳೆದುಕೊಂಡು ಎರಡನೆಯದನ್ನು ಬರೆದಳು. ಭಯ ಆಗುತ್ತಾ ಎಂದಿತ್ತು. ರಸೆಲ್ ಪೆನ್ನನ್ನು ಮೊದಲು 'ಇಲ್ಲ' ಎಂಬ ಚೌಕದ ಕಡೆ ಒಯ್ದ. ಆಮೇಲೆ ಅದಕ್ಕೂ ಹೌದು ಎಂದು ಗುರುತು ಹಾಕಿ, ಕೆಳಗೆ ರುಜು ಮಾಡಿ ಕೊಟ್ಟ.