ಅಪರಿಚಿತರು ಬೇಕಾಗಿದ್ದಾರೆ

ನನಗೆ ಚಿಂತೆ ಮಾಡಲು ಕಾರಣವೇ ಬೇಕಾಗಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಇಷ್ಟು ಸರಿಯಾಗಿ ಏಕೆ ಬಂತು, ಇದು ಬೇರೆ ಊರಿನ ಬಸ್ಸಿರಬಹುದೇ ಎಂದು ಹತ್ತದೆ ನಿಲ್ಲುವವನು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿ, ಆರಿದ್ದನ್ನು ಕಣ್ಣಾರೆ ಕಂಡು, ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಅದೇ ಅರ್ಧ ದಾರಿಯಿಂದ ಮತ್ತೆ ಮರಳಿದ್ದುಂಟು. ನನ್ನ ಹೆಸರು ಮಹಾವೀರ. ಇಟ್ಟವರು ಅಜ್ಜ, ಆಗ ನಾನು ತೊಟ್ಟಿಲಲ್ಲಿ ಮಲಗಿದ್ದೆ, ನನ್ನ ಸ್ವಭಾವ ಅವರಿಗೆ ಗೊತ್ತಾಗುವಂತಿರಲಿಲ್ಲ. ನನ್ನ ಹೆಂಡತಿಯಂತೂ ಆ ಹೆಸರಿನಿಂದ ಕರೆಯುವುದೇ ಇಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಹೆಣ್ಣುಮಕ್ಕಳು ಸುಮ್ಮನೆ ಹೇಳುವುದಿಲ್ಲ, ನಾಲ್ಕು ಜನ ಹಟ ಹಿಡಿದಾಗ ಒಡಪು ಕಟ್ಟಿ ಪ್ರಾಸದ ಕೊನೆಗೆ ಹೇಳುತ್ತಾರೆ. ಉಳಿದಂತೆ ನಾನು ಅವಳಿಗೆ ‘ಇವ್ರು’. “ಇವ್ರಿಗೆ ದೇವ್ರು ಹೊಟ್ಟಿ ಕೊಟ್ಟಿದ್ದು ಊಟಕ್ಕಲ್ರಿ, ಕಳವಳಕ್ಕ” ಎಂದು ಮನೆಗೆ ಬಂದವರ ಮುಂದೆ ನನ್ನನ್ನು ಪರಿಚಯ ಮಾಡಿಕೊಡುತ್ತಾಳೆ.

ಇಂಥವನ ತಲೆಯ ಮೇಲೆ ನಮ್ಮ ಕಾಲೇಜಿನ ಚೇರಮನ್‌ರು ಒಂದು ದಿನ ಬಂಡೆ ಇಟ್ಟರು. ಚಿಕ್ಕೋಡಿಯ ಈ ಕಾಲೇಜಿನಲ್ಲಿ ನಾನು ಕಾಮರ್ಸ್ ಕಲಿಸುತ್ತೇನೆ. ಉದ್ಯಮ ಕಟ್ಟುವುದು ಹೇಗೆ ಎಂದು ವರ್ಷಾನುಗಟ್ಟಲೆ ಪಾಠ ಹೇಳಿದ್ದೇನೆ, ಒಂದು ಪಾನ್ ಅಂಗಡಿಯನ್ನೂ ಇಟ್ಟವನಲ್ಲ. “ಚೌಗಲಾ ಸರ್, ಬೆಂಗಳೂರಾಗ ಒಂದ್ ಸಂಸ್ಥಾ ಐತಿ. ಶನಿವಾರ ಐತವಾರ ಎರಡ ದಿನ ಗುರ್ತ ಇಲ್ಲದ ಮಂದೀನ ಒಂದ ಕಡೆ ಕೂಡಸ್ತಾರ. ಅವ್ರು ಕೂಡಿ ಸ್ಟಾರ್ಟಪ್ ಕಟ್ತಾರ. ನಮ್ಮಲ್ಲೂ ಮಾಡೂಣು. ನೀವ ಮಾಡ್ರಿ” ಎಂದರು. ಎರಡು ದಿನದಲ್ಲಿ ಕಂಪನಿ ಹೇಗಾದೀತು ಎಂದು ಕೇಳಿದೆ. “ಎರಡ ದಿನದಾಗ ಮದವಿ ಆಗ್ತಾವು, ಕಂಪನಿ ಆಗೂದಿಲ್ಲನು?” ಎಂದರು. ಕೆಳಗಿನ ಮಹಡಿಯ ಹಳೇ ಪ್ರಯೋಗಾಲಯದ ಬಾಗಿಲಿಗೆ ‘ಸ್ಟಾರ್ಟಪ್ ಕೇಂದ್ರ’ ಎಂಬ ಬೋರ್ಡನ್ನು ಅವರು ಆಗಲೇ ಬರೆಸಿ ಹಾಕಿಸಿದ್ದರು. ಬೆಂಗಳೂರಿನವರು ಒಪ್ಪಿಗೆ ಕೊಟ್ಟರೆ ಮಾತ್ರ ಅದರ ಬೀಗ ತೆಗೆಯುವುದು. ಒಪ್ಪಿಗೆ ಸಿಗದಿದ್ದರೆ? ನಮ್ಮಲ್ಲಿ ಕಾರ್ಯಕ್ರಮ ಕೆಡಿಸಿದವರನ್ನು ಯಾರೂ ಬೈಯುವುದಿಲ್ಲ. ಹಾಸ್ಟೆಲ್ ಮೆಸ್ಸಿನ ಉಸ್ತುವಾರಿ ಕೊಡುತ್ತಾರೆ. ಹಿಂದಿನ ಸಲ ಕ್ರೀಡಾಕೂಟ ಕೆಡಿಸಿದ ಗಣಿತದ ಸರ್ ಈಗಲೂ ಅಲ್ಲಿ ಚಪಾತಿ ದಪ್ಪವಾಯಿತೋ ತೆಳುವಾಯಿತೋ ಎಂಬ ಪಂಚಾಯಿತಿ ಬಗೆಹರಿಸುತ್ತ ಕೂತಿದ್ದಾರೆ. ಅವರು ನನ್ನನ್ನು ಕಂಡಾಗಲೆಲ್ಲ ಆಸೆಯಿಂದ ನೋಡತೊಡಗಿದರು.

ಬೆಂಗಳೂರಿನವರ ಶರತ್ತು ಒಂದೇ. ಒಂದು ತಂಡದಲ್ಲಿರುವವರು ಒಬ್ಬರಿಗೊಬ್ಬರು ಮೊದಲು ಪರಿಚಯ ಇರಬಾರದು, ನೆಂಟರಾಗಿರಬಾರದು. ಕಾರ್ಯಕ್ರಮ ನಡೆಸುವವರಿಗೂ ಬೇಕಾದವರಾಗಿರಬಾರದು. ಓದಿದಾಗ ಸಣ್ಣ ವಿಷಯ ಎನಿಸಿತು. ರಾತ್ರಿ ಮಗ್ಗಲು ಬದಲಿಸುವಾಗ ಅದರ ಆಳ ತಿಳಿಯಿತು. ನಮ್ಮ ಸೀಮೆಯಲ್ಲಿ ಅಪರಿಚಿತರು ಎಂಬ ಬೆಳೆಯೇ ಬರುವುದಿಲ್ಲ. ಇಬ್ಬರು ಎದುರಾದರೆ ಮೊದಲ ಪ್ರಶ್ನೆ “ಯಾವೂರಾತು?”, ಎರಡನೆಯದು “ಯಾರ ಪೈಕಿ?”. ಚಹಾ ಆರುವುದರೊಳಗೆ ಒಬ್ಬರ ಅತ್ತಿಗೆಯ ತವರು ಇನ್ನೊಬ್ಬರ ಸೋದರಮಾವನ ಊರಾಗಿರುತ್ತದೆ. ಸಂಬಂಧ ಸಿಗದಿದ್ದರೂ ‘ಕಾಕಾ’, ‘ಅಕ್ಕಾ’ ಎಂದು ಕರೆದು ಮುಗಿಸಿಬಿಡುತ್ತಾರೆ. ದೂರದ ಮಾತೇಕೆ? ದಿನಾ ಬೆಳಿಗ್ಗೆ ನನ್ನ ಹೆಂಡತಿ ಸ್ಕೂಟರಿಗೆ ಎರಡು ಡಬ್ಬಿ ತೂಗುಹಾಕುತ್ತಾಳೆ. ಒಂದು ನನ್ನದು, ಇನ್ನೊಂದು ಬಸ್‌ಸ್ಟ್ಯಾಂಡಿನ ಹತ್ತಿರದ ಬ್ಯಾಂಕಿನಲ್ಲಿರುವ ‘ಅಕ್ಕಾ’ನದು. ಅಕ್ಕಾ ಎಂದಮೇಲೆ ಅವಳ ತವರಿನ ಬಳಗವೇ ಇರಬೇಕೆಂದು ನಾನು ಕೊಟ್ಟು ಬರುತ್ತೇನೆ. ಹೆಂಡತಿಯ ತವರಿನ ವಿಷಯದಲ್ಲಿ ಹೆಚ್ಚು ಕೇಳದಿರುವುದೇ ಸಂಸಾರಕ್ಕೆ ಕ್ಷೇಮ.

ವೇಳಾಪಟ್ಟಿಯೂ ಬೆಂಗಳೂರಿನಿಂದಲೇ ಬಂದಿತ್ತು. ಅದನ್ನು ಮನೆಯಲ್ಲಿ ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಹೆಂಡತಿ ಜೋಳದ ಭಕ್ರಿ ತಟ್ಟುತ್ತ ಕೇಳಿಸಿಕೊಂಡು, “ಸಂಜೀ ಆರಕ್ಕ ತಂಡ ಕಟ್ಟೂದು, ಎಂಟಕ್ಕ ಊಟಾ ಅಂತೀರಿ. ಥಂಡೀ ದಿನಾ, ಹೊತ್ತ ಲಗೂನ ಮುಳಗತೈತಿ. ನಮ್ಮ ಮಂದಿ ಎಷ್ಟೊಂದು ಬರತಾರ, ಅವ್ರು ಉಪಾಸ ಇರಬೇಕನು?” ಎಂದಳು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಆದರೂ ಬೆಂಗಳೂರಿನ ವೇಳಾಪಟ್ಟಿಯನ್ನು ಮುಟ್ಟಲು ಧೈರ್ಯವಾಗದೆ, “ನೋಡೂಣು ಬಿಡು” ಎಂದೆ. ನೋಡೋಣ ಎನ್ನುವುದು ನಾನು ಭಯಕ್ಕೆ ಇಟ್ಟುಕೊಂಡ ಮುದ್ದಿನ ಹೆಸರು.

ಶನಿವಾರ ಬಂತು. ಬೆಂಗಳೂರಿನಿಂದ ಮೇಘನಾ ಮೇಡಂ ಎಂಬ ವೀಕ್ಷಕಿ ಬಂದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು, ಎಲ್ಲವನ್ನೂ ನಗುತ್ತಲೇ ನೋಡುವ ಕಣ್ಣು. ಅಂಥ ಕಣ್ಣಿಗೆ ನಾನು ಇನ್ನೂ ಹೆಚ್ಚು ಹೆದರುತ್ತೇನೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಯಿಂದಲೂ ಜನ ಬಂದರು. ಹುಡುಗರು ಬಂದರು, ಹುಡುಗರನ್ನು ಬಿಡಲು ಬಂದ ತಂದೆಯರೂ ಕೂತರು. ನಾನು ಮೈಕಿನ ಮುಂದೆ ನಿಂತು ಸ್ವಾಗತ ಕೋರಿ, “ದಯವಿಟ್ಟು ಯಾರೂ ಯಾರಿಗೂ ಯಾವೂರು ಎಂದು ಕೇಳಬಾರದು” ಎಂದು ಕೈಮುಗಿದೆ. ಸಭೆ ದಿಗ್ಭ್ರಮೆಯಿಂದ ನೋಡಿತು. ಕಾಗವಾಡದ ಕಡೆಯ ದ್ರಾಕ್ಷಿ ಬೆಳೆಗಾರ ಅಣ್ಣಾಸಾಹೇಬರು ಮುಂದಿನ ಸಾಲಿನಿಂದ ಎದ್ದು, “ಮತ್ತ ಮಾತ ಎಲ್ಲಿಂದ ಚಾಲೂ ಮಾಡೂದ್ರಿ?” ಎಂದು ಕೇಳಿದರು. ನಾನೂ ಜೀವಮಾನದಲ್ಲಿ ಬೇರೆ ಕಡೆಯಿಂದ ಮಾತು ಶುರು ಮಾಡಿದವನಲ್ಲ.

ಮಧ್ಯಾಹ್ನದವರೆಗೆ ಹೇಗೋ ನಡೆಯಿತು. ಜನ ತಮ್ಮ ತಮ್ಮ ಐಡಿಯಾ ಹೇಳಿ, ಸದ್ಯಕ್ಕೆಂದು ತಂಡಗಳಾಗಿ ಕೂತರು. ಅಣ್ಣಾಸಾಹೇಬರದು ಮನೆಬಾಗಿಲಿಗೆ ಒಣದ್ರಾಕ್ಷಿ. ನಿಪ್ಪಾಣಿಯ ಸುಶಾಂತ ಎಂಬ ತರುಣ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಖಾಲಿ ಹೋಗುವ ಟೆಂಪೋಗಳಿಗೆ ಸಾಮಾನು ಹುಡುಕಿಕೊಡುವ ಆ್ಯಪಿನ ಬಗ್ಗೆ ಹೇಳಿದ. ನಾನು ಬಾಗಿಲಲ್ಲಿ ನಿಂತು ಯಾರು ಯಾರ ಹತ್ತಿರ ಪಿಸುಗುಟ್ಟುತ್ತಾರೆ ಎಂದು ಪರೀಕ್ಷೆಯ ಕೋಣೆ ಕಾಯುವವನ ಹಾಗೆ ಕಾದೆ. ಆದರೆ ಚಹಾದ ಬಿಡುವು ಕಾಯುವವನ ಕೈಗೆ ಸಿಕ್ಕುವುದಲ್ಲ. ಬಿಡುವು ಮುಗಿಸಿ ಬಂದವರ ಮುಖಗಳೇ ಬೇರೆಯಾಗಿದ್ದವು. ಅಣ್ಣಾಸಾಹೇಬರು ತಮ್ಮ ತಂಡದ ರಾಯಬಾಗದ ಹುಡುಗಿಯ ತಲೆ ಸವರುತ್ತ, “ನಮ್ಮ ತಂಗೀನ ಕೊಟ್ಟ ಮನಿ ಹುಡಿಗಿರಿ ಸರ್ ಇದು! ಸಣ್ಣಾಕಿದ್ದಾಗ ನೋಡಿದ್ದೆ, ಗುರ್ತ ಸಿಗಲಿಲ್ಲ ನೋಡ್ರಿ!” ಎಂದು ಆನಂದದಿಂದ ಮೇಘನಾ ಮೇಡಂ ಅವರಿಗೇ ಹೇಳಿದರು. ಮೇಡಂ ನಗುತ್ತಲೇ ಆ ಹುಡುಗಿಯನ್ನು ಬೇರೆ ತಂಡಕ್ಕೆ ಕಳಿಸಿದರು. ಅಲ್ಲಿ ಅವಳಿಗೆ ಒಬ್ಬ ಮಾವ ಸಿಕ್ಕರು.

ಸಂಜೆ ಆರಕ್ಕೆ ತಂಡಗಳ ಕೊನೆಯ ಪಟ್ಟಿ ಆಗಬೇಕಿತ್ತು. ಐದೂವರೆಗೇ ಸಭಾಂಗಣದ ಅರ್ಧ ಜನ ಎದ್ದು ನಿಂತು ಕಿಟಕಿಯಾಚೆ ಬಾಗುತ್ತಿದ್ದ ಸೂರ್ಯನನ್ನೂ ನನ್ನನ್ನೂ ಸರದಿಯಂತೆ ನೋಡತೊಡಗಿದರು. ಅಡುಗೆಯವನು ಇನ್ನೂ ಬದನೆಕಾಯಿ ಹೆಚ್ಚುತ್ತಿದ್ದ. “ಏನಾಯ್ತು, ಕಾರ್ಯಕ್ರಮ ಇಷ್ಟವಾಗಲಿಲ್ಲವೇ ಇವರಿಗೆ?” ಎಂದು ಮೇಘನಾ ಮೇಡಂ ಕೇಳಿದರು. ಮೆಸ್ಸಿನ ಗಣಿತದ ಸರ್ ಬಾಗಿಲ ಬಳಿ ಬಂದು ಇಣುಕಿ ಹೋದರು. ಆಗಲೇ ಒಂದು ಆಟೋ ಬಂದು ನಿಂತಿತು. ನನ್ನ ಹೆಂಡತಿ ಇಳಿದಳು, ಅವಳ ಹಿಂದೆ ದೊಡ್ಡ ದೊಡ್ಡ ಪಾತ್ರೆಗಳು ಇಳಿದವು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಯಾವುದೂ ಸೋಕದ ಪಲ್ಯ, ಭಕ್ರಿ, ಅನ್ನ, ಸಾರು. ನನ್ನ ಕಡೆ ತಿರುಗಿಯೂ ನೋಡದೆ ಪಂಕ್ತಿ ಹಾಕಿ ಬಡಿಸಿಬಿಟ್ಟಳು. ಸೂರ್ಯ ಮುಳುಗುವ ಹೊತ್ತಿಗೆ ಕೊನೆಯ ಕೈ ತೊಳೆದಾಗಿತ್ತು. ಇಷ್ಟು ಅಡುಗೆಯನ್ನು ಒಬ್ಬಳೇ ಹೇಗೆ ಮಾಡಿದಳು ಎಂಬ ಪ್ರಶ್ನೆ ನನಗೆ ಬರಬೇಕಿತ್ತು. ಬರಲಿಲ್ಲ. ನಾನು ಅಡುಗೆಯವನ ಬದನೆಕಾಯಿಯ ಚಿಂತೆಯಲ್ಲಿದ್ದೆ.

ಊಟದ ನಂತರ ಸುಶಾಂತನ ತಂಡದಲ್ಲಿ ಒಬ್ಬರು ಕಡಿಮೆ ಬಿದ್ದರು. ಇದ್ದವನು ಅವನ ಮಾವಶಿಯ, ಅಂದರೆ ಚಿಕ್ಕಮ್ಮನ, ಮಗ ಎಂದು ಪಂಕ್ತಿಯಲ್ಲಿ ಗೊತ್ತಾಗಿತ್ತು. ಮೇಘನಾ ಮೇಡಂ ಪಾತ್ರೆ ಎತ್ತಿಡುತ್ತಿದ್ದ ನನ್ನ ಹೆಂಡತಿಯನ್ನು ನೋಡಿ, “ನೀವು ಸೇರ್ತೀರಾ ಮೇಡಂ? ನಿಮಗೆ ಇಲ್ಲಿ ಯಾರದಾದ್ರೂ ಪರಿಚಯ ಇದೆಯಾ?” ಎಂದು ಕೇಳಿದರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಸಾಲಾಗಿ ನಿಂತವರನ್ನೆಲ್ಲ ನೋಡುತ್ತ ಬಂದು, ನನ್ನ ಮುಖದ ಮೇಲೆ ಒಂದು ಕ್ಷಣ ನಿಂತು, “ಇಲ್ರಿ, ಯಾರೂ ಗುರ್ತಿಲ್ರಿ” ಎಂದಳು. ಅಷ್ಟು ಸಲೀಸಾಗಿ ಹೇಳಿದಳೆಂದರೆ, ಒಂದು ಗಳಿಗೆ ನನಗೂ ಅನುಮಾನ ಬಂತು.

ಆ ರಾತ್ರಿ ಮನೆಯಲ್ಲಿ, “ಏನ ಮಾಡಿದಿ ನೀ? ಗೊತ್ತಾದ್ರ ನನ್ನ ಗತಿ ಏನು?” ಎಂದು ಕೂಗಾಡಿದೆ. “ಗುರ್ತ ಇಲ್ಲದವ್ರ ಕೂಡ ಮಾತಾಡಬ್ಯಾಡ ಅಂತ ನೀವ ಹೇಳೀರಿ” ಎಂದು ಅವಳು ದೀಪ ಆರಿಸಿದಳು. ನಾನು ಕಣ್ಣು ಮುಚ್ಚಿದರೆ ಚಪಾತಿ ಕಾಣುತ್ತಿತ್ತು.

ಭಾನುವಾರ ಮಧ್ಯಾಹ್ನ ತಂಡಗಳು ತಮ್ಮ ಕಂಪನಿಯನ್ನು ವೇದಿಕೆಯ ಮೇಲೆ ವಿವರಿಸಬೇಕಿತ್ತು. ಹೆಂಡತಿಯ ಸರದಿ ಬಂದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಜನರೇಟರಿನಲ್ಲಿ ಡೀಸೆಲ್ ಇದೆಯೋ ಇಲ್ಲವೋ ನೋಡುವ ನೆವ ಮಾಡಿ ಹೊರಗೆ ಹೋದೆ. ಕರೆಂಟು ಇತ್ತು, ಡೀಸೆಲ್ಲೂ ಇತ್ತು, ಆದರೂ ನೋಡುತ್ತ ನಿಂತೆ. ಒಳಗೆ ಚಪ್ಪಾಳೆ ಕೇಳಿಸಿದಾಗ ಮುಗಿಯಿತೆಂದು ಬಂದರೆ, ಮುಗಿದಿರಲಿಲ್ಲ. ಮೇಘನಾ ಮೇಡಂ ಕೊನೆಯ ಪ್ರಶ್ನೆ ಕೇಳುತ್ತಿದ್ದರು. “ತುಂಬಾ ಚೆನ್ನಾಗಿದೆ. ಅಂದಹಾಗೆ, ಈ ಕಾರ್ಯಕ್ರಮದ ಬಗ್ಗೆ ನಿಮಗೆ ಯಾರು ಹೇಳಿದ್ರು?”

ಬೇರೆ ಯಾರೇ ಆಗಿದ್ದರೂ ‘ಚೌಗಲಾ ಸರ್’ ಎಂದು ಮುಗಿಸುತ್ತಿದ್ದರು. ನಿನ್ನೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದವಳು ಇಲ್ಲಿ ತಡವರಿಸಿದಳು. ಸೆರಗು ಸರಿಮಾಡಿಕೊಂಡಳು, ತಲೆ ತಗ್ಗಿಸಿದಳು, ಗದ್ದವನ್ನು ತುಸು ನನ್ನ ಕಡೆ ಎತ್ತಿ, “ಇವ್ರು” ಎಂದಳು.

ನಮ್ಮ ಕಡೆ ಆ ‘ಇವ್ರು’ ಒಂದು ಮದುವೆಯ ಪತ್ರಿಕೆಗೆ ಸಮ. ಸಭೆಗೆ ಸಭೆಯೇ ಹೋ ಎಂದಿತು. ಹಿಂದಿನ ಸಾಲಿನ ಹೆಣ್ಣುಮಕ್ಕಳು, “ಒಡಪ ಹೇಳವಾ, ಒಡಪ ಹೇಳು! ಹಂಗ ಬಿಡೂದಿಲ್ಲ!” ಎಂದು ಕೂಗಿದರು. ಅಣ್ಣಾಸಾಹೇಬರು ಕುರ್ಚಿ ಬಿಟ್ಟು ಎದ್ದರು. ಇನ್ನು ಮುಚ್ಚಿಡುವುದೇನಿದೆ ಎಂಬಂತೆ ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು:

“ಡಬ್ಬಿ ಮ್ಯಾಲ ಡಬ್ಬಿ, ಡಬ್ಬ್ಯಾಗ ಅನ್ನ ಸಾರ,
ಗಾಡಿ ಮ್ಯಾಲ ಒಯ್ದ ಮುಟ್ಟಸವ್ರು ನಮ್ಮ ಮಹಾವೀರ!”

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ವೇದಿಕೆಯ ಬಳಿ ಹೋಗಿ ಮೇಘನಾ ಮೇಡಂ ಮುಂದೆ ಕೈಮುಗಿದು ನಿಂತೆ. “ತಪ್ಪಾಯಿತು ಮೇಡಂ. ಇವಳು ನನ್ನ ಹೆಂಡತಿ. ಶರತ್ತು ಮುರಿದಿದೆ. ನೀವು ಏನು ಬರೆದರೂ ಒಪ್ಪುತ್ತೇನೆ” ಎಂದೆ. ಬಾಗಿಲಲ್ಲಿದ್ದ ಗಣಿತದ ಸರ್ ಮುಖ ಅರಳಿತು.

“ನಮ್ಮಜ್ಜೀನೂ ತಾತನ ಹೆಸರು ಹೇಳ್ತಿರಲಿಲ್ಲ ಸಾರ್” ಎಂದು ಮೇಘನಾ ಮೇಡಂ ನಕ್ಕರು. “ಇರಲಿ, ಇವರ ಕಂಪನಿ ಯಾವುದು, ಹೇಳಿ ನೋಡೋಣ?”

ನಾನು ಜನರೇಟರ್ ನೋಡುತ್ತಿದ್ದೆ ಎಂದು ಹೇಳಲಾಗಲಿಲ್ಲ. “ಟೆಂಪೋದ್ದು ಇರಬೇಕು...” ಎಂದೆ. “ಟೆಂಪೋ ಹಿಂದ ಬಿತ್ರಿ ಸರ್. ವೈನೀಂಚಿ ಐಡಿಯಾ ಮಸ್ತ ಐತಿ, ಅದನ್ನ ಹಿಡದೀವಿ” ಎಂದ ಸುಶಾಂತ. ಅತ್ತಿಗೆಯ ಐಡಿಯಾ ಅಂತೆ. ಒಂದೇ ರಾತ್ರಿಯಲ್ಲಿ ಅವಳು ಅವನಿಗೂ ಅತ್ತಿಗೆಯಾಗಿದ್ದಳು. ಹೊತ್ತು ಮುಳುಗುವುದರೊಳಗೆ ಉಣ್ಣುವವರಿಗೆ ಮನೆಯೂಟ ಮುಟ್ಟಿಸುವ ಕಂಪನಿಯಂತೆ ಅದು.

“ಇವರಿಗೆ ಈಗಾಗಲೇ ಗಿರಾಕಿ ಇದ್ದಾರೆ, ಗೊತ್ತಾ?” ಎಂದರು ಮೇಡಂ. ಗೊತ್ತಿಲ್ಲ ಎಂದೆ. “ಬ್ಯಾಂಕಿನವರೊಬ್ಬರು ಎರಡು ವರ್ಷದಿಂದ ಇವರ ಡಬ್ಬಿಯನ್ನೇ ತರಿಸಿಕೊಳ್ತಾರಂತಲ್ಲ?”

“ಆಕೆ... ಇವಳ ಅಕ್ಕ ಅಲ್ಲವೇ?” ಎಂದೆ ನಾನು.

“ಬೀದರ ಕಡೇವ್ರ ರೀ ಅವ್ರು” ಎಂದಳು ಹೆಂಡತಿ. “ನಮಗೇನೂ ಸಂಬಂಧ ಇಲ್ಲ. ನಿನ್ನೆ ಅಡಗಿಗೆ ಕೈ ಹಚ್ಚಿದ ನಾಕ ಮಂದೀನೂ ನಮ್ಮ ಬಳಗಲ್ಲ. ನೀವ್ ಕೇಳಿದ್ರ ಹೇಳತಿದ್ದೆ.”

ಊರಿಗೆಲ್ಲ ‘ಯಾವೂರು, ಯಾರ ಪೈಕಿ’ ಎಂದು ಕೇಳುವ ಸೀಮೆಯವನು ನಾನು. ಮನೆಯೊಳಗಿನ ಒಬ್ಬಳಿಗೆ ಏನನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು, ನಿಜವಾಗಿಯೂ. ಮೇಘನಾ ಮೇಡಂ ನನ್ನನ್ನೂ ಅವಳನ್ನೂ ಒಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ಶರತ್ತು ಎಲ್ಲಿ ಮುರೀತು ಸಾರ್? ನಿಮಗೆ ಇವರ ಪರಿಚಯವೇ ಇಲ್ವಲ್ಲ!”

ಒಪ್ಪಿಗೆ ಸಿಕ್ಕಿತು. ಬೀಗ ತೆಗೆದರು. ಚೇರಮನ್‌ರು ಶಾಲು ಹೊದಿಸಿದರು. ಹಾಸ್ಟೆಲ್ ಮೆಸ್ಸಿನ ಕಂಟಕ ಕಳೆಯಿತೆಂದು ಎಷ್ಟೋ ದಿನಗಳ ಮೇಲೆ ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದೆ. ಸೋಮವಾರ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಸ್ಕೂಟರಿನ ಹ್ಯಾಂಡಲ್ಲು, ಕೊಕ್ಕೆ, ಹಿಂದಿನ ಸೀಟು ಎಲ್ಲ ಕಡೆ ಡಬ್ಬಿಗಳು. ನಾನು ಕೂರಲು ಇದ್ದ ಜಾಗದ ಮೇಲೂ ಒಂದು ಚೀಲ. “ಎಲ್ಲಾ ಯಾರ ಪೈಕಿ ಇವು?” ಎಂದು ಈ ಸಲ ಕೇಳಿಯೇಬಿಟ್ಟೆ. ಅವಳು ಒಂದೊಂದಕ್ಕೂ ಹೆಸರು, ಊರು, ಯಾರಿಗೆ ಖಾರ ಕಡಿಮೆ, ಯಾರ ಚಪಾತಿ ತೆಳುವಿರಬೇಕು ಎಂದು ಹೇಳುತ್ತ ಹೋದಳು. ಚಪಾತಿಯ ಮಾತು ಬಂದಾಗ ಗಣಿತದ ಸರ್ ನೆನಪಾದರು. ಅವರ ಉಸ್ತುವಾರಿಯಾದರೂ ವರ್ಷಕ್ಕೊಮ್ಮೆ ಬದಲಾಗುವ ಸಂಭವವುಂಟು.