ಕಡಲು ಕಾಣುವ ಕೋಣೆ

ಬೆಳಗಿನ ಚಹಾ ಗಂಟಲಿಗೆ ಇಳಿಯುವ ಮೊದಲೇ ಪ್ಲಾನಪ್ಪನ ಮೊಬೈಲಿಗೆ, ಕೋಣೆಗೆ ಬರಲಿದ್ದ ಅತಿಥಿಗಳ ಸಂದೇಶ ಬಂತು. "ಮಧ್ಯಾಹ್ನದ ಬೋಟಿಗೆ ಬರುತ್ತಿದ್ದೇವೆ. ಕೋಣೆಯ ಕಿಟಕಿಯ ಬಗ್ಗೆ ಸ್ವಲ್ಪ ಮಾತಾಡುವುದಿದೆ. ಎದುರಿಗೇ ಮಾತಾಡೋಣ." ಓದಿದ್ದೇ ತಡ, ಅವನು ಸಿಕ್ಕಿಬಿದ್ದ ಕಳ್ಳನಂತೆ ಕಿಟಕಿಯ ಕಡೆ ನೋಡಿದ.

ಆ ಕಿಟಕಿಯ ವಿಷಯದಲ್ಲಿ ಅವನು ಮಾಡಿದ್ದ ಕೆಲಸವೇ ಹಾಗಿತ್ತು. ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡದ ಮನೆಯೇ ಆ ದ್ವೀಪದಲ್ಲಿ ಅಪರೂಪ. ಅವನೂ ತಾವು ಗಂಡಹೆಂಡತಿ ಮಲಗುವ ಕೋಣೆಯನ್ನು ಕೊಡಲು ಹೊರಟ. ಆದರೆ ಕಡಲು ಕಾಣದ ಕೋಣೆಯನ್ನು ಯಾರು ಕೇಳುತ್ತಾರೆ? ಅವನ ಕಿಟಕಿಗೆ ಕಾಣುತ್ತಿದ್ದುದು ಎದುರಿನ ಎರಡು ಮನೆಗಳ ನಡುವಿನ ಸಂದಿ, ಸಂದಿಯ ಬಾಯಿಗೆ ಅಡ್ಡವಾಗಿ ನಿಲ್ಲಿಸಿದ್ದ ಒಂದು ದೋಣಿ, ದೋಣಿಯ ಹಿಂದೆ ಹಗ್ಗದ ಮೇಲೆ ಒಣಗುವ ಬೆಡ್‌ಶೀಟುಗಳು. ಕಡಲು ಅದರಾಚೆ ಇತ್ತು. ಅದಕ್ಕೇ ಬಡಗಿಯ ಹತ್ತಿರ ಒಂದು ಖಾಲಿ ಕಿಟಕಿ ಚೌಕಟ್ಟು ಕೇಳಿ ತಂದು, ಕಡಲ ದಂಡೆಯ ಮರಳಿನಲ್ಲಿ ನೆಟ್ಟು, ಹೆಂಡತಿ ಹೊಲಿದ ಹೊಸ ಪರದೆಯನ್ನು ಅದಕ್ಕೆ ಕಟ್ಟಿ ಫೋಟೋ ತೆಗೆದಿದ್ದ. ಕೆಳಗೆ "ದಿಂಬಿನ ಮೇಲೆ ತಲೆಯಿಟ್ಟೇ ಕಡಲು ನೋಡಿ" ಎಂದು ಬರೆದು ಇಂಟರ್ನೆಟ್ಟಿಗೆ ಹಾಕಿದ್ದ.

ಪ್ಲಾನಪ್ಪ ಎನ್ನುವುದು ಓಣಿಯವರು ಇಟ್ಟ ಹೆಸರು. ಹಿಂದೊಮ್ಮೆ ನಕ್ಷತ್ರ ತೋರಿಸುತ್ತೇನೆಂದು ದೋಣಿ ವಿಹಾರ ಶುರುಮಾಡಿದ್ದ. ಹೋದವರೆಲ್ಲ ಹೊಟ್ಟೆ ತೊಳಸಿ, ತಲೆ ಮೇಲೆತ್ತುವ ಬದಲು ದೋಣಿಯಂಚಿಗೆ ಬಗ್ಗಿಯೇ ಹೊತ್ತು ಕಳೆದರು. ಆಮೆ ತೋರಿಸುತ್ತೇನೆಂದು ಕರೆದೊಯ್ದ ಗುಂಪು ಇಡೀ ಬೆಳಿಗ್ಗೆ ಒಂದು ಕಲ್ಲಿಗೆ ಕೈಬೀಸಿ ವಾಪಸಾಯಿತು. ಇಂಥ ಯಾವ ಪ್ಲಾನಿಗೂ ಅವನ ಹೆಂಡತಿ ಹೂಂ ಅಂದವಳಲ್ಲ, ಉಹೂಂ ಅಂದವಳೂ ಅಲ್ಲ. ಕೋಣೆಯ ಪ್ಲಾನು ಕೇಳಿದಾಗ ಮಾತ್ರ ಅವಳ ಕಣ್ಣು ಹೊಳೆದಿತ್ತು. ಪ್ರಾಯವನ್ನೆಲ್ಲ ಅವಳು ರೆಸಾರ್ಟಿನಲ್ಲಿ ಯಾರ್ಯಾರದೋ ಹಾಸಿಗೆ ಹಾಸುತ್ತ ಕಳೆದಿದ್ದಳು.

"ನಮ್ಮನೆಗೂ ಯಾರಾದ್ರೂ ಬಂದು, ಚೆನ್ನಾಗಿದೆ ಅಂತ ಹೇಳಿ ಹೋಗ್ಲಿ ನೋಡೋಣ" ಅಂದಿದ್ದಳು.

ಅದಕ್ಕಾಗಿ ಗೋಡೆಗೆ ಸುಣ್ಣ ಬಳಿದಿದ್ದಳು, ದಿಂಬಿನ ಚೀಲಕ್ಕೆ ಕಸೂತಿ ಹಾಕಿದ್ದಳು, ತಮ್ಮಿಬ್ಬರಿಗೆ ಮಲಗಲು ಒಂದು ಚಾಪೆಯನ್ನು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ, ಈರುಳ್ಳಿ ಚೀಲದ ಪಕ್ಕಕ್ಕೆ ಸಾಗಿಸಿದ್ದಳು. ಇವರೇ ಮೊದಲ ಅತಿಥಿಗಳು. ಬಂದವರು ಮುಖ ಸಿಂಡರಿಸಿ ಹೊರಟುಬಿಟ್ಟರೆ ಅವಳ ಮುಖ ನೋಡುವುದು ಹೇಗೆಂದು ಪ್ಲಾನಪ್ಪನಿಗೆ ತಿಳಿಯಲಿಲ್ಲ. ಅವನಿಗೆ ಹೆಂಡತಿಯೆಂದರೆ ಪ್ರಾಣ. ಅದನ್ನು ಅವಳಿಗೆ ಹೇಳುವ ಪ್ಲಾನು ಮಾತ್ರ ಅವನಿಗೆ ಈವರೆಗೆ ಹೊಳೆದಿರಲಿಲ್ಲ.

ಚಹಾ ಅಲ್ಲೇ ಬಿಟ್ಟು ಎದುರುಮನೆಯ ಲಾಂಡ್ರಿ ಅಕ್ಕನ ಹತ್ತಿರ ಓಡಿದ. ರೆಸಾರ್ಟಿನ ಬೆಡ್‌ಶೀಟು ಒಗೆಯುವ ಗುತ್ತಿಗೆ ಅವಳದು.

"ಅಕ್ಕಾ, ಇವತ್ತೊಂದು ದಿನ ಬಟ್ಟೆ ಬೇರೆ ಕಡೆ ಒಣಗಿಸ್ತೀರಾ?"

"ಬೇರೆ ಕಡೆ ಅಂದ್ರೆ? ಬಿಸಿಲು ಇರೋದು ಇಲ್ಲಿ, ಇಲ್ಲಾಂದ್ರೆ ನಿನ್ನ ಹಿತ್ತಲಲ್ಲಿ."

"ಸರಿ, ನನ್ನ ಹಿತ್ತಲಲ್ಲೇ ಹಾಕಿ."

"ನಾನ್ಯಾಕೆ ಹಾಕ್ಲಿ? ಬೇಕಾಗಿರೋದು ನಿಂಗೆ" ಎಂದು ಅಕ್ಕ ಒದ್ದೆ ಶೀಟುಗಳ ಬುಟ್ಟಿಯನ್ನು ಅವನ ತಲೆಯ ಮೇಲೆ ಹೊರಿಸಿದಳು. ಬುಟ್ಟಿ ಹೊತ್ತು ಹೊತ್ತು ಅವನ ಅಂಗಿಯೂ ಒಗೆದ ಬಟ್ಟೆಯಂತಾಯಿತು. ಅಕ್ಕ ಹಿಂದೆಯೇ ಬಂದು, ಅಂಚಿಗೆ ಅಂಚು ಕೂಡಿಲ್ಲವೆಂದು ಅರ್ಧದಷ್ಟನ್ನು ತೆಗೆಸಿ ಮತ್ತೆ ಹಾಕಿಸಿದಳು.

ಇನ್ನು ದೋಣಿ. ಅದು ದೋಣಿ ರಿಪೇರಿ ಮಾಡುವ ಮಾವನದು. ಓಣಿಗೆಲ್ಲ ಅವನು ಮಾವನೇ.

"ನಿನ್ನೆ ತಾನೆ ಬಣ್ಣ ಹೊಡ್ದಿದೀನಿ ಕಣೋ. ನೆರಳಲ್ಲಿ ಒಣಗ್ಬೇಕು. ಬಿಸಿಲಿಗಿಟ್ರೆ ಬಿರುಕು ಬಿಡುತ್ತೆ."

"ನೆರಳು ಎಲ್ಲಿದ್ರೆ ಅಲ್ಲಿಡೋಣ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾವ ಓಣಿಯ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ನಡೆದು, ಕೊನೆಗೆ ಪ್ಲಾನಪ್ಪನ ಮನೆಯ ಮುಂಬಾಗಿಲ ಸೂರಿನ ಕೆಳಗೆ ನಿಂತು, "ಇಲ್ಲಿ ಚೆನ್ನಾಗಿದೆ ನೆರಳು" ಎಂದ.

ದೋಣಿ ಎತ್ತಲು ಓಣಿಗೆ ಓಣಿಯೇ ಸೇರಿತು. ಎತ್ತಿದವರು ಕೆಲವರು, ಎಡಕ್ಕೆ ಬಲಕ್ಕೆ ಎಂದು ಹೇಳಿದವರು ಹಲವರು. ಬಣ್ಣ ಒಣಗಿರಲಿಲ್ಲವಾದ್ದರಿಂದ ಎಲ್ಲರ ಅಂಗೈಯೂ ನೀಲಿಯಾಯಿತು. ದೋಣಿ ಮುಂಬಾಗಿಲಿಗೆ ಬೀಗ ಜಡಿದ ಹಾಗೆ ಅಡ್ಡ ಕೂತಿತು.

"ನಾಳೆ ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರ್ದು" ಎಂದು ಮಾವ ಅಪ್ಪಣೆ ಕೊಟ್ಟ.

"ಮನೆಯೊಳಕ್ಕೆ ಹೋಗೋದು ಹೇಗೆ ಮಾವ?"

"ಹಿತ್ತಲ ಬಾಗಿಲು ಯಾಕಿದೆ?"

ಒಳಗೆ ದಿಂಬಿಗೆ ಚೀಲ ತೊಡಿಸುತ್ತಿದ್ದ ಹೆಂಡತಿ ಕೋಣೆಯ ಬೆಳಕು ಬದಲಾದದ್ದನ್ನು ಕಂಡು ತಲೆಯೆತ್ತಿದಳು. ಸಂದಿಯ ತುಂಬ ಕಡಲು. ದ್ವೀಪದಲ್ಲೇ ಹುಟ್ಟಿದವಳಿಗೆ ಕಡಲು ಹೊಸದಲ್ಲ. ಆದರೆ ಕೆಲಸಕ್ಕೆ ಓಡುವಾಗ ಕಣ್ಣಂಚಿನಲ್ಲಿ ಕಂಡದ್ದೇ ಹೊರತು, ತನ್ನ ಮಂಚದ ಮೇಲೆ ಕೂತು ಅವಳು ಎಂದೂ ಕಂಡಿರಲಿಲ್ಲ. ಪ್ಲಾನಪ್ಪ ಹಿತ್ತಲಿಂದ ಬಳಸಿಕೊಂಡು ಬಂದಾಗ ಅವಳು ದಿಂಬನ್ನು ಅಪ್ಪಿಕೊಂಡು ಕೂತೇ ಇದ್ದಳು.

"ಇಷ್ಟು ಹತ್ತಿರ ಇತ್ತಾ?" ಎಂದು ಕೇಳಿದಳು. ದೋಣಿಯ ಬಗ್ಗೆಯಾಗಲಿ, ನೀಲಿ ಅಂಗೈಯ ಬಗ್ಗೆಯಾಗಲಿ ಏನನ್ನೂ ಕೇಳಲಿಲ್ಲ.

ಮಧ್ಯಾಹ್ನದ ಬೋಟಿನಿಂದ ಇಳಿದವರು ಒಬ್ಬ ದಪ್ಪನೆಯ ಅಜ್ಜ, ಒಬ್ಬಳು ಸಣಕಲು ಅಜ್ಜಿ. ಪ್ಲಾನಪ್ಪ ಅವರ ಬ್ಯಾಗುಗಳನ್ನು ಎತ್ತಿಕೊಂಡು, ಹಿಡಿದಲ್ಲೆಲ್ಲ ನೀಲಿ ಅಚ್ಚು ಒತ್ತಿ, ದಾರಿಯುದ್ದಕ್ಕೂ ಕಡಲನ್ನು ಹೊಗಳಿದ. ಹೊಗಳಿದಷ್ಟೂ ಅಜ್ಜಿಯ ಮುಖ ಗಂಟಾಯಿತು.

"ಕಿಟಕಿ ವಿಷ್ಯ ಅಲ್ಲಿಗೆ ಹೋಗಿ ಮಾತಾಡೋಣಪ್ಪ" ಅಂದಳು. ಪ್ಲಾನಪ್ಪ ಹೊಗಳುವುದನ್ನು ನಿಲ್ಲಿಸಿ ಹೆಜ್ಜೆ ಚುರುಕು ಮಾಡಿದ.

ಹಿತ್ತಲ ಒದ್ದೆ ಶೀಟುಗಳಲ್ಲಿ ದಾರಿ ತಪ್ಪಿ ಅಜ್ಜ ಎರಡು ಸಲ ಬಾವಿಕಟ್ಟೆಯ ಕಡೆ ಹೋದ. ಅವನನ್ನು ಹುಡುಕಿ ತಂದು, ಉಗ್ರಾಣ ದಾಟಿ, ಅಡುಗೆಮನೆ ದಾಟಿ ಕೋಣೆಗೆ ಕರೆತಂದರು. ಪ್ಲಾನಪ್ಪ ಜಾದೂಗಾರನ ಠೀವಿಯಿಂದ ಪರದೆ ಸರಿಸಿದ. ಕಡಲು ಫೋಟೋದಲ್ಲಿದ್ದುದಕ್ಕಿಂತ ಚೆನ್ನಾಗಿಯೇ ಹೊಳೆಯಿತು.

ಅಜ್ಜಿ ಮಂಚದ ತುದಿಯಲ್ಲಿ ಕುಸಿದು ಕೂತಳು. "ನಂಗೆ ಇದೇ ಭಯ ಇತ್ತು."

"ಯಾಕಮ್ಮ, ಕಾಣ್ತಿದೆಯಲ್ಲ?"

"ಕಾಣ್ತಿರೋದೇ ಕಷ್ಟ ಕಣಪ್ಪ. ಮದುವೆಯಾದಾಗಿಂದ ಇವರು ಹಡಗಲ್ಲಿ ಅಡುಗೆ ಮಾಡ್ಕೊಂಡಿದ್ರು, ನಾನು ದಡದಲ್ಲಿ ದಾರಿ ನೋಡ್ಕೊಂಡಿದ್ದೆ. ಆ ಕಡಲು ನನ್ನ ಸವತಿ. ಅಪ್ಪನಿಗೆ ಇಷ್ಟ ಅಂತ ಮಗಳು ಪ್ರೀತಿಯಿಂದ ಈ ಕೋಣೆ ಬುಕ್ ಮಾಡಿದ್ಲು, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಸವತಿ ಮುಖ ನೋಡ್ತಾ ನಾನು ಹೇಗೆ ಮಲಗ್ಲಿ? ಕಡಲು ಕಾಣದೇ ಇರೋ ಕೋಣೆ ಇದ್ಯಾ ಅಂತ ಕೇಳೋಣ ಅಂತಿದ್ದೆ."

ಪ್ಲಾನಪ್ಪ ತನ್ನ ನೀಲಿ ಅಂಗೈ ನೋಡಿಕೊಂಡ. ಬೆಳಿಗ್ಗೆವರೆಗೆ ಇದೇ ಅಂಥ ಕೋಣೆಯಾಗಿತ್ತೆಂದು ಯಾವ ಬಾಯಲ್ಲಿ ಹೇಳುವುದು?

"ಬರುವಾಗ ದಾಟಿದ್ವಲ್ಲ, ಈರುಳ್ಳಿ ಚೀಲ ಇದ್ದಿದ್ದು, ಅದು ಯಾರ ಕೋಣೆ?" ಎಂದು ಕೇಳಿದಳು ಅಜ್ಜಿ.

"ಅಡುಗೆಮನೆ ಪಕ್ಕ ಆದ್ರೆ ನಂಗೂ ನಿದ್ದೆ ಬರುತ್ತೆ" ಎಂದ ಅಜ್ಜ.

ಹೆಂಡತಿ ಕಸೂತಿಯ ದಿಂಬುಗಳನ್ನು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಹಾಸಿಗೆ ಹಾಸಿದಳು. ಅಜ್ಜಿ ಅಲ್ಲಿ ಕಾಲು ಚಾಚಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಷ್ಟು ಚೆನ್ನಾಗಿದೆ ಮಗಳೇ ನಿಮ್ಮನೆ" ಎಂದಳು. ಹೆಂಡತಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಸಂಜೆಯಾಗುತ್ತ ಬಂತು. ಬೆನ್ನು ಮುರಿದುಹೋಗಿದ್ದರೂ ಅವನಿಗೊಂದು ಸಮಾಧಾನವಿತ್ತು: ಈ ಹೊತ್ತು ಕಡಲು ಕಾಣುವ ಕೋಣೆ ತಮ್ಮದೇ. ಹೆಂಡತಿಯ ಪಕ್ಕ ಕೂತು ಸೂರ್ಯ ಮುಳುಗುವುದನ್ನು ನೋಡಬಹುದು. ಅವನು ಕೈತೊಳೆದು ಬರುವಷ್ಟರಲ್ಲಿ ಲಾಂಡ್ರಿ ಅಕ್ಕ ಮಂಚವೇರಿದ್ದಳು.

"ನನ್ನ ಶೀಟು ತೆಗೆಸಿದೀಯ. ಏನು ಕಾಣುತ್ತೆ ಅಂತ ನಾನು ನೋಡ್ಬಾರ್ದಾ?"

ಅವಳ ಹಿಂದೆ ಮಾವ, ಮಾವನ ಹಿಂದೆ ದೋಣಿ ಎತ್ತಿದವರು, ಅವರ ಹಿಂದೆ ಎಡಕ್ಕೆ ಬಲಕ್ಕೆ ಎಂದವರು. ಮುಂಬಾಗಿಲಿಗೆ ದೋಣಿ ಅಡ್ಡವಿದ್ದುದರಿಂದ ಎಲ್ಲರೂ ಉಗ್ರಾಣದೊಳಗಿಂದಲೇ, "ಸ್ವಲ್ಪ ಕಾಲು ಮಡಚ್ಕೊಳ್ಳಿ ಅಜ್ಜಿ" ಎನ್ನುತ್ತ ಬಂದರು. ಅಜ್ಜಿಗೆ ಬೇಸರವಿರಲಿಲ್ಲ, ಅಜ್ಜ ಆಗಲೇ ಒಲೆಯ ಮುಂದೆ ನಿಂತು ಬಂದವರ ತಲೆ ಎಣಿಸಿ ಚಹಾಕ್ಕೆ ನೀರಿಡುತ್ತಿದ್ದ.

ಕೋಣೆ ತುಂಬಿತು. ಬಾಗಿಲ ಬಳಿ ತುದಿಗಾಲಲ್ಲಿ ನಿಂತ ಪ್ಲಾನಪ್ಪನಿಗೆ ಕಂಡದ್ದು ಬರೀ ಕತ್ತುಗಳು. ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ತಿರುಗಿ ನೋಡಿ, ಸ್ವಲ್ಪ ಜರುಗಿ, "ಬನ್ನಿ, ಇಲ್ಲಿ ಜಾಗ ಇದೆ" ಅಂದಳು. ಯಾರದೋ ಮೊಣಕೈ, ಯಾರದೋ ಮಂಡಿ ದಾಟಿಕೊಂಡು ಅವನು ಅವಳ ಪಕ್ಕ ಮುಟ್ಟುವಷ್ಟರಲ್ಲಿ ಹೊರಗೆ ಮಬ್ಬಾಗಿತ್ತು.

"ಮುಳುಗೋಯ್ತಲ್ಲ" ಎಂದು ಲಾಂಡ್ರಿ ಅಕ್ಕ ಎದ್ದಳು.

"ನಾಳೆ ನೋಡ್ತೀನಿ ಬಿಡಿ" ಎಂದ ಪ್ಲಾನಪ್ಪ.

"ನಾಳೆ ಎಲ್ಲಿ? ಬೆಳಿಗ್ಗೆ ದೋಣಿ ವಾಪಸ್ ಅಲ್ಲೇ ಇಡ್ಬೇಕು. ಇನ್ನೊಂದು ಕೋಟು ಬಣ್ಣ ಇದೆ" ಎಂದ ಮಾವ.

"ಅಜ್ಜಿಗೂ ಕಡಲು ಬೇಡ್ವಂತೆ. ನನ್ನ ಶೀಟು ಇನ್ಯಾಕೆ ನಿನ್ನ ಹಿತ್ತಲಲ್ಲಿ? ಬೆಳಿಗ್ಗೆ ತಂದು ಹಾಕ್ಬಿಡು" ಎಂದಳು ಅಕ್ಕ.

ಎಲ್ಲರೂ ಅಡುಗೆಮನೆಯ ಕಡೆ ಹೋದರು. ಪ್ಲಾನಪ್ಪ ಕತ್ತಲಾದ ಕಿಟಕಿಯನ್ನು ನೋಡುತ್ತ ಕೂತ. ಹೆಂಡತಿ ಅವನ ನೀಲಿ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬಣ್ಣ ಬಿಡಿಸಲೆಂದು ಉಗುರಿನಿಂದ ಮೆಲ್ಲಗೆ ಕೆರೆಯತೊಡಗಿದಳು.

"ನಾನು ಪೂರ್ತಿ ನೋಡ್ದೆ" ಅಂದಳು. "ಹೇಗಿತ್ತು ಅಂತ ಹೇಳ್ಲಾ?"

"ಹೇಳು" ಎಂದ ಪ್ಲಾನಪ್ಪ. "ಮೊದಲಿಂದ ಹೇಳು."